ಕೊಡಗು ಸುತ್ತಲು ಒಂದೇ ಝೂಮ್ ಲೆನ್ಸ್: ಹಂತ ಹಂತವಾಗಿ ಆರಿಸಿಕೊಳ್ಳುವ ಬಗೆ

ಮಡಿಕೇರಿಯಲ್ಲಿ ಒಂದು ದಿನ ಕಳೆದರೆ ಕ್ಯಾಮೆರಾಗೆ ಐದಾರು ಬಗೆಯ ಕೆಲಸ. ಬೆಳಗ್ಗೆ ರಾಜಾಸೀಟಿನಿಂದ ಮಂಜು ತುಂಬಿದ ಕಣಿವೆ. ಆಮೇಲೆ ಓಂಕಾರೇಶ್ವರ ದೇವಸ್ಥಾನದ ಕಲ್ಯಾಣಿ, ಅದರ ನಡುವಿನ ಪುಟ್ಟ ಮಂಟಪ. ಮಧ್ಯಾಹ್ನ ಅಬ್ಬಿ ಜಲಪಾತ, ಅಲ್ಲಿಗೆ ಇಳಿಯುವ ದಾರಿಯಲ್ಲಿ ಕಾಫಿ ತೋಟದ ನೆರಳು. ಸಂಜೆ ಪರಿಚಯದವರ ಕುಟುಂಬದ ಮೂಲಮನೆ, ಅಂದರೆ ಐನ್‌ಮನೆಯ ಅಂಗಳ, ಒಳಗೆ ನಡುಮನೆಯಾದ ನೆಲ್ಲಕ್ಕಿಯಲ್ಲಿ ಉರಿಯುವ ತೂಗುದೀಪ. ಇಷ್ಟಕ್ಕೂ ಬೇರೆ ಬೇರೆ ಲೆನ್ಸ್ ಹೊತ್ತು ತಿರುಗಬಹುದು ನಿಜ. ಆದರೆ ಈ ಊರಿನ ಹವೆಯಲ್ಲಿ ಲೆನ್ಸ್ ಬದಲಾಯಿಸುವುದೇ ಕಷ್ಟ. ಮಂಜಿನ ಹನಿ, ಹೇಳದೆ ಬರುವ ತುಂತುರು, ಮಾಂದಲಪಟ್ಟಿಗೆ ಹೋಗುವ ಜೀಪಿನ ಕುಲುಕಾಟ ಮತ್ತು ಧೂಳು, ಇವುಗಳ ನಡುವೆ ಬೆಳಕು ಹಿಡಿಯುವ ಸೆನ್ಸರ್ ತೆರೆದಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಾಗಾಗಿ ಒಂದೇ ಝೂಮ್ ಲೆನ್ಸ್ ಬೇಕು ಅನ್ನುವುದು ಸರಿಯಾದ ಆಸೆಯೇ. ಝೂಮ್ ಲೆನ್ಸ್ ಮೇಲೆ 24-120 ಅನ್ನುವ ಹಾಗೆ ಎರಡು ಸಂಖ್ಯೆ ಇರುತ್ತವೆ. ಇದೇ ಫೋಕಲ್ ಲೆಂಗ್ತ್, ಎಂಎಂ ಲೆಕ್ಕದಲ್ಲಿ. ಚಿಕ್ಕ ಸಂಖ್ಯೆ ಅಗಲದ ತುದಿ, ಹೆಚ್ಚು ಜಾಗ ಹಿಡಿಯುತ್ತದೆ. ದೊಡ್ಡದು ಉದ್ದದ ತುದಿ, ದೂರದ್ದನ್ನು ಹತ್ತಿರ ತರುತ್ತದೆ. ಆದರೆ ಲೆನ್ಸ್ ಆರಿಸುವಾಗ ಬಹಳಷ್ಟು ಜನ ಮೊದಲು ನೋಡುವುದು ಕೊನೆಯ ಸಂಖ್ಯೆಯನ್ನು. 200 ಇದೆಯಾ, 300 ಇದೆಯಾ, 400 ಇದೆಯಾ ಅಂತ. ನನ್ನ ಪ್ರಕಾರ ಲೆಕ್ಕ ಉಲ್ಟಾ ಶುರುವಾಗಬೇಕು. ಮೊದಲು ಅಗಲದ ತುದಿ, ಆಮೇಲೆ ಬೆಳಕು, ಆಮೇಲೆ ಎಷ್ಟು ಹತ್ತಿರ ಫೋಕಸ್ ಆಗುತ್ತದೆ ಅನ್ನುವುದು. ಉದ್ದದ ತುದಿಗೆ ಕೊನೆಯ ಸರದಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹಂತ 1: ಮೊದಲು ನಿಮ್ಮ ಹಳೇ ಫೋಟೋ ನೋಡಿ

ಅಂಗಡಿಗೆ ಹೋಗುವ ಮುಂಚೆ ಹಿಂದಿನ ಪ್ರವಾಸಗಳ ಫೋಟೋ ತೆರೆಯಿರಿ. ಪ್ರತಿ ಫೋಟೋವನ್ನು ಎಷ್ಟು ಎಂಎಂನಲ್ಲಿ ತೆಗೆದಿದ್ದೀರಿ ಅನ್ನುವ ಮಾಹಿತಿ ಆ ಫೈಲಿನಲ್ಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಒತ್ತಿದರೆ ಕಾಣುತ್ತದೆ. ಲೈಟ್‌ರೂಮ್ ಅನ್ನುವ ಫೋಟೋ ಸಾಫ್ಟ್‌ವೇರ್ ಇದ್ದರೆ ಇನ್ನೂ ಸುಲಭ, ಫೋಕಲ್ ಲೆಂಗ್ತ್ ಪ್ರಕಾರ ಎಲ್ಲವನ್ನೂ ಒಟ್ಟಿಗೆ ವಿಂಗಡಿಸಿ ತೋರಿಸುತ್ತದೆ.

ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಬಳಸುತ್ತಿದ್ದೀರಿ ಅಂದುಕೊಳ್ಳಿ. ಫೋಟೋಗಳೆಲ್ಲ 18ರ ಹತ್ತಿರ ಗುಂಪುಗೂಡಿದ್ದರೆ ನಿಮಗೆ ಬೇಕಿರುವುದು ಇನ್ನಷ್ಟು ಅಗಲ. 55ರಲ್ಲಿ ಗುಂಪುಗೂಡಿದ್ದರೆ ಇನ್ನಷ್ಟು ಉದ್ದ. 55ರಲ್ಲಿ ತೆಗೆದು ಆಮೇಲೆ ಕತ್ತರಿಸಿದ ಫೋಟೋ ಎಷ್ಟಿವೆ ಅಂತಲೂ ನೋಡಿ. ನಿಮಗೆ ಎಷ್ಟು ಉದ್ದ ಸಾಲದೆ ಬಂತು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು ಸಂಗತಿ: ಕೈ ಅಲುಗಿಯೋ, ಕತ್ತಲಾಗಿಯೋ ಕೆಟ್ಟ ಫೋಟೋಗಳನ್ನು ಅಳಿಸಿಬಿಡದೆ ಉಳಿಸಿಕೊಂಡಿದ್ದರೆ ಅವನ್ನು ಬೇರೆ ಮಾಡಿ. ಅವು ಜಾಸ್ತಿ ಇದ್ದರೆ ನಿಮ್ಮ ಕೊರತೆ ಉದ್ದದ್ದಲ್ಲ, ಬೆಳಕಿನದು.

ಇದುವರೆಗೆ ಫೋನಿನಲ್ಲೇ ತೆಗೆಯುತ್ತಿದ್ದವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್) ಲೆಕ್ಕದಲ್ಲಿ ಸುಮಾರು 24ರಿಂದ 26 ಎಂಎಂ. ಆ ನೋಟ ನಿಮಗೆ ಹಿಡಿಸಿದ್ದರೆ, 28ರಿಂದ ಶುರುವಾಗುವ ಲೆನ್ಸ್ ಕೈಗೆ ಬಂದಾಗ ಇಕ್ಕಟ್ಟು ಅನ್ನಿಸುವುದು ಖಂಡಿತ.

ಹಂತ 2: ಸೆನ್ಸರ್ ಯಾವುದು ಅಂತ ತಿಳಿದುಕೊಳ್ಳಿ

ಲೆನ್ಸ್ ಮೇಲೆ ಬರೆದ ಸಂಖ್ಯೆ ಎಲ್ಲ ಕ್ಯಾಮೆರಾದಲ್ಲೂ ಒಂದೇ ನೋಟ ಕೊಡುವುದಿಲ್ಲ. ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಗಳಲ್ಲಿ ಲೆನ್ಸ್ ಸಂಖ್ಯೆಯನ್ನು 1.5ರಿಂದ ಗುಣಿಸಬೇಕು, ಕ್ಯಾನನ್‌ನಲ್ಲಿ 1.6ರಿಂದ. ಒಲಿಂಪಸ್‌ನಂಥ (ಈಗ ಹೆಸರು ಓಎಂ ಸಿಸ್ಟಮ್), ಇನ್ನೂ ಚಿಕ್ಕ ಸೆನ್ಸರ್ ಇರುವ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ 2ರಿಂದ. ಅಂದರೆ ನಿಕಾನ್ ಎಪಿಎಸ್-ಸಿ ಕ್ಯಾಮೆರಾದ 18 ಎಂಎಂ ನಿಜಕ್ಕೂ 27ರಷ್ಟು ನೋಟ ಕೊಡುತ್ತದೆ. ಅದೇ 16 ಎಂಎಂ ಆದರೆ 24ರಷ್ಟು. ಇಲ್ಲಿಂದ ಮುಂದೆ ನಾನು ಬರೆಯುವ ಸಂಖ್ಯೆಗಳೆಲ್ಲ ಫುಲ್ ಫ್ರೇಮ್ ಲೆಕ್ಕ. ಲೆನ್ಸ್ ಹೆಸರು ಹೇಳುವಾಗ ಮಾತ್ರ ಅದರ ಮೇಲೆ ಬರೆದಿರುವ ಸಂಖ್ಯೆ.

ಹಂತ 3: ಅಗಲದ ತುದಿಯನ್ನು ಗಟ್ಟಿ ಮಾಡಿಕೊಳ್ಳಿ

24 ಮತ್ತು 28ರ ನಡುವೆ ಬರೀ ನಾಲ್ಕು ಎಂಎಂ ತಾನೇ ಅನ್ನಿಸುತ್ತದೆ. ಆದರೆ ಇಡೀ ಆಯ್ಕೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ಇರುವುದೇ ಇಲ್ಲಿ. ಇದನ್ನು ಅಳೆಯಲು ಒಂದು ಸುಲಭ ಲೆಕ್ಕ ಇದೆ. ದೂರವನ್ನು 36ರಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ಅಷ್ಟು ಅಗಲ ಚೌಕಟ್ಟಿನಲ್ಲಿ ಹಿಡಿಯುತ್ತದೆ.

ಐನ್‌ಮನೆಯ ಮುಂದೆ ನಿಂತಿದ್ದೀರಿ. ಅಂಗಳದ ಅಂಚಿನಿಂದ ಮೆಟ್ಟಿಲಿಗೆ 10 ಮೀಟರ್ ಇದೆ ಅಂದುಕೊಳ್ಳೋಣ. 24 ಎಂಎಂನಲ್ಲಿ 15 ಮೀಟರ್ ಅಗಲ ಸಿಗುತ್ತದೆ. 28ರಲ್ಲಿ 13 ಮೀಟರಿಗೂ ಸ್ವಲ್ಪ ಕಡಿಮೆ. 35ರಲ್ಲಿ ಹತ್ತು ಚಿಲ್ಲರೆ. ಮನೆಯ ಒಂದು ಮೂಲೆಯ ಕಂಬ ಒಳಗೆ ಬರುವುದೋ ಹೊರಗೆ ಉಳಿಯುವುದೋ ಈ ಎರಡು ಮೀಟರಿನಲ್ಲೇ ತೀರ್ಮಾನವಾಗುತ್ತದೆ. ಇನ್ನೂ ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಕಾಫಿ ಗಿಡ, ಅದರಾಚೆ ಇಳಿಜಾರು. ಕೊಡಗಿನಲ್ಲಿ ಮಟ್ಟಸ ಜಾಗ ಕಡಿಮೆ. ಬಯಲುಸೀಮೆಯ ದೇವಸ್ಥಾನದ ಮುಂದೆ ಹಿಂದೆ ಸರಿದಷ್ಟು ಆರಾಮಾಗಿ ಇಲ್ಲಿ ಸರಿಯಲು ಆಗುವುದಿಲ್ಲ.

ಒಳಗೆ ಹೋದರೆ ಇಕ್ಕಟ್ಟು ಇನ್ನೂ ಜಾಸ್ತಿ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯನ್ನೇ ನೋಡಿ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಮರದ ಕೆತ್ತನೆ, ಗೋಡೆ ಚಿತ್ರ ಎಲ್ಲ ಇವೆ, ಆದರೆ ಕೋಣೆಗಳು ಸಣ್ಣವು. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ 3 ಮೀಟರ್ ಇದ್ದರೆ 28ರಲ್ಲಿ ಎದುರು ಗೋಡೆಯ ನಾಲ್ಕು ಮೀಟರಿಗೂ ಕಡಿಮೆ ಸಿಗುತ್ತದೆ, 24ರಲ್ಲಿ ನಾಲ್ಕೂವರೆ. ಕುಶಾಲನಗರ ದಾಟಿ ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋದರೂ ಅದೇ ಕತೆ. ಶಾಕ್ಯಮುನಿ, ಪದ್ಮಸಂಭವ, ಅಮಿತಾಯುಸ್ ಮೂವರ ಭಾರೀ ಮೂರ್ತಿಗಳನ್ನು ಒಟ್ಟಿಗೆ ಹಿಡಿಯುವಾಗ 24 ಸಾಕಾಗುತ್ತದೆ, 28 ತಡಕಾಡಿಸುತ್ತದೆ. ಮಠ ಇರುವುದು ಮೈಸೂರು ಜಿಲ್ಲೆಯಲ್ಲಿ, ಆದರೆ ಕೊಡಗಿಗೆ ಬಂದವರು ಅದನ್ನು ಬಿಟ್ಟು ಹೋಗುವುದಿಲ್ಲ ಅಲ್ವಾ.

ನಾಲ್ಕೈದು ಫೋಟೋ ತೆಗೆದು ಆಮೇಲೆ ಜೋಡಿಸಿ ಪನೋರಮಾ ಮಾಡಬಹುದಲ್ಲ ಅಂತ ಕೇಳುತ್ತಾರೆ. ಬೆಟ್ಟಕ್ಕೆ ಸರಿ. ಅಂಗಳದಲ್ಲಿ ಮಕ್ಕಳು ಓಡಾಡುತ್ತಿದ್ದರೆ, ಮಂಜು ಸರಿಯುತ್ತಿದ್ದರೆ ಜೋಡಣೆ ಕೈಕೊಡುತ್ತದೆ.

ನನ್ನ ಅಭಿಪ್ರಾಯ ಇಷ್ಟು: 24ರಿಂದ ಶುರುವಾಗುವ ಲೆನ್ಸ್ ಸಿಗುತ್ತಿದ್ದರೆ 28ರಿಂದ ಶುರುವಾಗುವುದನ್ನು ಕೊಳ್ಳಲು ಗಟ್ಟಿಯಾದ ಕಾರಣ ಬೇಕು. ಅದಕ್ಕೆ ಎರಡು ಕಾರಣ ಇರಬಹುದು. ಒಂದು, ಆ ಲೆನ್ಸ್ ಬೆಳಕಿನಲ್ಲಿ ತುಂಬ ಮುಂದಿದೆ. ಇನ್ನೊಂದು, ಅಗಲದ ಕೆಲಸಕ್ಕೆ ನಿಮ್ಮ ಜೇಬಿನ ಫೋನೇ ಸಾಕು ಅಂತ ನಿಮಗೆ ಖಾತ್ರಿ ಇದೆ.

ಹಂತ 4: ಬೆಳಕಿನ ಲೆಕ್ಕ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಸಾವಧಾನವಾಗಿ ಓದಿ.

ಲೆನ್ಸ್ ಹೆಸರಿನಲ್ಲಿ ಎಫ್ 4 ಅಂತ ಒಂದೇ ಸಂಖ್ಯೆ ಇದ್ದರೆ ಝೂಮ್ ಎಲ್ಲಿದ್ದರೂ ಅಷ್ಟೇ ಬೆಳಕು ಬಿಡುತ್ತದೆ. ಎಫ್ 4-6.3 ಅಂತ ಎರಡು ಇದ್ದರೆ, ಅಗಲದಲ್ಲಿ 4, ಉದ್ದಕ್ಕೆ ಹೋಗುತ್ತಾ 6.3. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 2.8ರಿಂದ 4ಕ್ಕೆ ಬಂದರೆ ಬೆಳಕು ಅರ್ಧ. 2.8ರಿಂದ 5.6ಕ್ಕೆ ಬಂದರೆ ಕಾಲು ಭಾಗ. ಎರಡು ಸಂಖ್ಯೆ ಇರುವ ಲೆನ್ಸ್‌ಗಳಲ್ಲಿ ಇನ್ನೊಂದು ಸಂಗತಿಯನ್ನು ಡಬ್ಬಿ ಮೇಲೆ ಬರೆದಿರುವುದಿಲ್ಲ. ಬೆಳಕು ಕೊನೆಯ ತುದಿವರೆಗೂ ಕಾದು ಕಡಿಮೆಯಾಗುವುದಿಲ್ಲ, ನಡುವೆಯೇ ಇಳಿಯುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಝೂಮ್ ರಿಂಗನ್ನು ಮೆಲ್ಲಗೆ ತಿರುಗಿಸುತ್ತಾ 35, 50, 70ರಲ್ಲಿ ಪರದೆ ಮೇಲೆ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ನೀವು ಜಾಸ್ತಿ ಬಳಸುವುದು ಆ ನಡುವಿನ ಭಾಗವನ್ನೇ.

ಈಗ ಕಾಫಿ ತೋಟಕ್ಕೆ ಬನ್ನಿ. ಕೊಯ್ಲಿನ ಸಮಯ, ಡಿಸೆಂಬರ್‌ನಿಂದ ಫೆಬ್ರವರಿ. ಹೊರಗೆ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ತೋಟದೊಳಗೆ ಕಾಲಿಟ್ಟ ಕೂಡಲೇ ಬೆಳಕು ಬೇರೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳು. ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ ಇನ್ನಷ್ಟು ಬೆಳಕು ತಿನ್ನುತ್ತದೆ. ಹಣ್ಣು ಕೊಯ್ಯುವವರ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಬೆರಳುಗಳು ಸ್ಪಷ್ಟವಾಗಿ ಬರಬೇಕಾದರೆ ಶಟರ್ ಸ್ಪೀಡ್ 1/250 ಸೆಕೆಂಡು ಆದರೂ ಬೇಕು. ಎಫ್ 2.8ರಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಚಿತ್ರದಲ್ಲಿ ಕಾಳು ಜಾಸ್ತಿ) 800 ಸಾಕಾಗುವ ಜಾಗದಲ್ಲಿ ಎಫ್ 4ಕ್ಕೆ 1600 ಬೇಕು, ಎಫ್ 5.6ಕ್ಕೆ 3200, ಎಫ್ 6.3ಕ್ಕೆ ಸುಮಾರು 4000. ಇವತ್ತಿನ ಫುಲ್ ಫ್ರೇಮ್ ಕ್ಯಾಮೆರಾ 3200ನ್ನು ಆರಾಮಾಗಿ ನಿಭಾಯಿಸುತ್ತದೆ. ಹಳೇ ಎಪಿಎಸ್-ಸಿ ಕ್ಯಾಮೆರಾದಲ್ಲಿ ಕೆಂಪು ಹಣ್ಣಿನ ಮೇಲೆ ಮರಳು ಎರಚಿದ ಹಾಗೆ ಕಾಳು ಕಾಳು ಕಾಣುತ್ತದೆ. ಹಾಗಾಗಿ ಕ್ಯಾಮೆರಾ ಹಳೆಯದಾದಷ್ಟೂ, ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸ್‌ನ ಬೆಳಕಿಗೆ ಜಾಸ್ತಿ ಬೆಲೆ ಕೊಡಿ.

ಸ್ಟೆಬಿಲೈಸೇಷನ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಅದು ನಿಮ್ಮ ಕೈಯ ಅಲುಗಾಟವನ್ನು ಮಾತ್ರ ತಡೆಯುತ್ತದೆ. ಕೊಯ್ಯುವವರ ಕೈ ಅಲುಗುವುದನ್ನು ತಡೆಯುವುದಿಲ್ಲ. ಆದರೆ ಅಬ್ಬಿ ಅಥವಾ ಇರ್ಪು ಜಲಪಾತದ ಮುಂದೆ ಅದೇ ಸ್ಟೆಬಿಲೈಸೇಷನ್ ದೊಡ್ಡ ಉಪಕಾರ ಮಾಡುತ್ತದೆ. ನೀರು ಹಾಲಿನ ಹಾಗೆ ಇಳಿಯುವಂತೆ ಕಾಣಲು 1/8 ಅಥವಾ 1/4 ಸೆಕೆಂಡು ಬೇಕು. ಟ್ರೈಪಾಡ್ ಇಲ್ಲದೆ, ಕಟಾಂಜನಕ್ಕೆ ಮೊಣಕೈ ಊರಿ ಅಷ್ಟು ಹೊತ್ತು ಹಿಡಿಯಲು ಅದರಿಂದ ಸಾಧ್ಯ. ಕ್ಯಾಮೆರಾ ಬಾಡಿಯಲ್ಲೇ ಆ ಸೌಲಭ್ಯ ಇದ್ದರೆ ಲೆನ್ಸ್‌ನಲ್ಲಿ ಇರಲೇಬೇಕು ಅಂತಿಲ್ಲ. ಬಾಡಿಯಲ್ಲಿ ಇಲ್ಲದಿದ್ದರೆ ಲೆನ್ಸ್‌ನಲ್ಲಿ ಇರಲಿ.

ಹಬ್ಬಗಳ ವಿಷಯ ಬೇರೆಯೇ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವುದು ರಾತ್ರಿ. ಗದ್ದೆಯಲ್ಲಿ ದೀಪ, ಪಂಜು, ಮೇಲೆ ಹುಣ್ಣಿಮೆ ಅಥವಾ ಅದರ ಆಸುಪಾಸಿನ ಚಂದ್ರ. ಕತ್ತಲಲ್ಲಿ ಬಿಳಿ, ಕಪ್ಪು ಕುಪ್ಯಗಳು (ಕೊಡವ ಗಂಡಸರ ನಿಲುವಂಗಿ), ಗಾಳಿಯಲ್ಲಿ ಗುಂಡಿನ ಸದ್ದು, ಎಲ್ಲರೂ ಓಡಾಡುತ್ತಿರುತ್ತಾರೆ. ಇಲ್ಲಿ ಎಫ್ 4 ಕೂಡ ಏದುಸಿರು ಬಿಡುತ್ತದೆ. ಮಡಿಕೇರಿ ದಸರಾದ ದಶಮಂಟಪಗಳಲ್ಲಿ ದೀಪಾಲಂಕಾರ ಜೋರಾಗಿರುವುದರಿಂದ ಎಫ್ 4 ನಡೆಯುತ್ತದೆ, ಆದರೆ ಆ ಜನಜಂಗುಳಿಯಲ್ಲಿ ಲೆನ್ಸ್ ಬದಲಾಯಿಸಲು ಮೊಣಕೈ ಎತ್ತುವಷ್ಟೂ ಜಾಗ ಇರುವುದಿಲ್ಲ. ನಿಮ್ಮ ಪ್ರವಾಸ ಹಬ್ಬಗಳ ಸುತ್ತಲೇ ಇದ್ದರೆ, ಉದ್ದ ಬಿಟ್ಟುಕೊಟ್ಟು ಎಫ್ 2.8 ತೆಗೆದುಕೊಳ್ಳಿ. ಉಳಿದವರಿಗೆ ಎಫ್ 4 ಸಾಕು, ಜೊತೆಗೆ ಬ್ಯಾಗಿನ ಮೂಲೆಯಲ್ಲಿ ಒಂದು ಪುಟ್ಟ 35 ಅಥವಾ 50 ಎಂಎಂ ಎಫ್ 1.8 ಲೆನ್ಸ್ ಇದ್ದರೆ ರಾತ್ರಿಯ ಕೆಲಸ ಅದಕ್ಕೆ ಬಿಡಬಹುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಕೆಲಸ ಮಾಡುವವರನ್ನು, ನೆಲ್ಲಕ್ಕಿಯಲ್ಲಿ ದೀಪ ಇಟ್ಟ ಜಾಗವನ್ನು ಕೇಳದೆ ತೆಗೆಯಬೇಡಿ. ಕೇಳಿದರೆ ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ, ಎಷ್ಟೋ ಸಲ ಕಾಫಿಯೂ ಸಿಗುತ್ತದೆ.

ಹಂತ 5: ಎಷ್ಟು ಹತ್ತಿರ ಹೋಗಬಹುದು

ಬೇಸಿಗೆ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಮಾರ್ಚ್, ಏಪ್ರಿಲ್ ಹೊತ್ತು. ಇಡೀ ತೋಟ ಬೆಳ್ಳಗಾಗಿ ಕೆಲವೇ ದಿನ ಇರುತ್ತದೆ. ಗೆಣ್ಣು ಗೆಣ್ಣಿಗೂ ಹೂವಿನ ಗೊಂಚಲು. ಇದನ್ನು ನೋಡಲೆಂದೇ ಬಂದವರು ದೂರದಿಂದ ಬಿಳಿ ಸಾಲು ತೆಗೆದು ಹೋದರೆ ಏನೂ ತೆಗೆದ ಹಾಗಲ್ಲ. ಒಂದು ಗೊಂಚಲು ಚೌಕಟ್ಟು ತುಂಬಬೇಕು.

ಲೆನ್ಸ್‌ನ ವಿವರಪಟ್ಟಿಯಲ್ಲಿ ಮ್ಯಾಕ್ಸಿಮಮ್ ಮ್ಯಾಗ್ನಿಫಿಕೇಷನ್ ಅನ್ನುವ ಸಾಲು ಹುಡುಕಿ. ಫುಲ್ ಫ್ರೇಮ್‌ನಲ್ಲಿ 36ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಚಿಕ್ಕ ಜಾಗವನ್ನು ತುಂಬಿಸಬಹುದು ಅಂತ ಗೊತ್ತಾಗುತ್ತದೆ. 0.2 ಇದ್ದರೆ 18 ಸೆಂಟಿಮೀಟರ್ ಅಗಲ, ಅದು ಒಂದು ರೆಂಬೆ. 0.3 ಇದ್ದರೆ 12 ಸೆಂಟಿಮೀಟರ್. ನಿಕಾನ್‌ನ ಝಡ್ 24-120 ಎಫ್ 4ರಲ್ಲಿ ಇದು 0.39, ಅಂದರೆ 9 ಸೆಂಟಿಮೀಟರ್ ಚಿಲ್ಲರೆ. ಒಂದು ಗೊಂಚಲು, ಅದರ ಮೇಲೆ ಕೂತ ಜೇನ್ನೊಣ ಎರಡೂ ಚೆನ್ನಾಗಿ ಬರುತ್ತವೆ. ಹಸಿ ಕರಿಮೆಣಸಿನ ಗೊಂಚಲು, ಏಲಕ್ಕಿ ಹೂ, ಜೇಡರ ಬಲೆ ಮೇಲಿನ ಮಂಜಿನ ಹನಿ, ಎಲ್ಲಕ್ಕೂ ಇದೇ ಗುಣ ಬೇಕು.

ಇನ್ನೊಂದನ್ನು ಗಮನಿಸಿ. ಆ ಹತ್ತಿರದ ಫೋಕಸ್ ಯಾವ ತುದಿಯಲ್ಲಿ ಸಿಗುತ್ತದೆ? ಕೆಲವು ಲೆನ್ಸ್‌ಗಳಲ್ಲಿ ಅಗಲದ ತುದಿಯಲ್ಲಿ ಮಾತ್ರ. ಟ್ಯಾಮ್ರಾನ್ 28-200ರಲ್ಲಿ 28 ಎಂಎಂನಲ್ಲಿ 19 ಸೆಂಟಿಮೀಟರಿಗೆ ಫೋಕಸ್ ಆಗುತ್ತದೆ. ಈ ದೂರ ಅಳೆಯುವುದು ಸೆನ್ಸರ್‌ನಿಂದ. ಲೆನ್ಸ್‌ನ ಉದ್ದ ಕಳೆದರೆ ಹೂವಿಗೂ ಗಾಜಿಗೂ ಉಳಿಯುವುದು ತೀರಾ ಕಡಿಮೆ. ಲೆನ್ಸ್‌ನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಜೇನ್ನೊಣ ಹಾರಿಹೋಗುತ್ತದೆ. ಉದ್ದದ ತುದಿಯಲ್ಲಿ ಹತ್ತಿರ ಫೋಕಸ್ ಆಗುವುದೇ ಒಳ್ಳೆಯದು.

ಹಂತ 6: ಈಗ ಉದ್ದದ ತುದಿ

ಬೆಟ್ಟ ಅಂದ ಕೂಡಲೇ ವೈಡ್ ಲೆನ್ಸ್ ಅಂದುಕೊಳ್ಳುತ್ತೇವೆ. ಕೊಡಗಿನ ಬೆಟ್ಟಕ್ಕೆ ಅದು ಪೂರ್ತಿ ನಿಜ ಅಲ್ಲ. ರಾಜಾಸೀಟಿನಿಂದ ಐದು ಕಿಲೋಮೀಟರ್ ಆಚೆಯ ಒಂದು ಸಾಲು ನೋಡುತ್ತಿದ್ದೀರಿ ಅನ್ನಿ. ಅದೇ ಲೆಕ್ಕ ಹಾಕಿ. 24ರಲ್ಲಿ ಏಳೂವರೆ ಕಿಲೋಮೀಟರ್ ಅಗಲ ಬರುತ್ತದೆ. ಬೆಟ್ಟ ಕೆಳಗೆ ಗೆರೆಯಾಗಿ ಉಳಿದು, ಮೇಲೆಲ್ಲ ಖಾಲಿ ಬೂದು ಆಕಾಶ. 120ರಲ್ಲಿ ಒಂದೂವರೆ ಕಿಲೋಮೀಟರ್. ಒಂದರ ಹಿಂದೆ ಒಂದು ಸಾಲು ಒತ್ತೊತ್ತಾಗಿ, ನಡುನಡುವೆ ಮಂಜು, ಪ್ರತಿ ಸಾಲು ಹಿಂದಿನದಕ್ಕಿಂತ ಸ್ವಲ್ಪ ತಿಳಿ. ನಾವು ಕಣ್ಣಲ್ಲಿ ನೋಡಿ ಮೆಚ್ಚಿದ್ದು ಆ ನೋಟವನ್ನೇ. ಹಾಗಾಗಿ 70ಕ್ಕೆ ನಿಲ್ಲುವ ಲೆನ್ಸ್ ಇಲ್ಲಿ ಸ್ವಲ್ಪ ಸಾಲದು ಅನ್ನಿಸುತ್ತದೆ. 105 ಅಥವಾ 120 ಇದ್ದರೆ ನೆಮ್ಮದಿ.

ದುಬಾರೆಯಲ್ಲಿ ಕಾವೇರಿಯಲ್ಲಿ ಮಲಗಿ ಮೈ ತೊಳೆಸಿಕೊಳ್ಳುವ ಆನೆ ನಿಮ್ಮಿಂದ 20 ಮೀಟರ್ ದೂರ ಇದ್ದರೆ, 120ರಲ್ಲಿ ಆರು ಮೀಟರ್ ಅಗಲ ಸಿಗುತ್ತದೆ. ಒಂದು ಆನೆ ಪೂರ್ತಿ ಚೌಕಟ್ಟು ತುಂಬಲು ಅಷ್ಟು ಸಾಕು. ಆನೆಯ ತಲೆ, ಸೊಂಡಿಲು ಮಾತ್ರ ಬೇಕು ಅಂದರೆ 200 ಬೇಕಾಗುತ್ತದೆ.

ಇನ್ನು ಕತ್ತರಿಸುವ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 105ರಲ್ಲಿ ತೆಗೆದು 150ರಷ್ಟು ಕಾಣುವಂತೆ ಕತ್ತರಿಸಿದರೆ ಸುಮಾರು 12 ಮೆಗಾಪಿಕ್ಸೆಲ್ ಉಳಿಯುತ್ತದೆ. ಎ4 ಅಳತೆಯಲ್ಲಿ ಚೆನ್ನಾಗಿ ಪ್ರಿಂಟ್ ಹಾಕಲು ಅಷ್ಟು ಸಾಕು. ಹಾಗಾಗಿ 105ಕ್ಕೂ 150ಕ್ಕೂ ನಡುವಿನ ವ್ಯತ್ಯಾಸಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಗಲದ ತುದಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಚೌಕಟ್ಟಿಗೆ ಬರದೆ ಉಳಿದದ್ದನ್ನು ಮನೆಗೆ ಬಂದು ಸೇರಿಸಲು ಆಗುವುದಿಲ್ಲ. ಅದಕ್ಕೇ ಅಗಲ ಮೊದಲು, ಉದ್ದ ಕೊನೆಗೆ ಅಂದದ್ದು.

ನಾಗರಹೊಳೆ ಸಫಾರಿ? ಕುಟ್ಟ ಕಡೆಯ ನಾಣಚ್ಚಿ ಗೇಟಿನಿಂದ ಒಳಗೆ ಹೋದಾಗ ದೂರದಲ್ಲಿ ಕಾಣುವ ಪ್ರಾಣಿಗೆ 300, 400 ಎಂಎಂ ಬೇಕು. ಪ್ರವಾಸದ ಲೆನ್ಸ್‌ನಿಂದ ಅದನ್ನು ಕೇಳಬೇಡಿ. ಒಂದು ಸಫಾರಿಗೋಸ್ಕರ ವರ್ಷಪೂರ್ತಿ ಮಬ್ಬು ಲೆನ್ಸ್ ಹೊರುವುದಕ್ಕಿಂತ ಆ ಎರಡು ದಿನಕ್ಕೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಉದ್ದದ ಲೆನ್ಸ್ ಬಾಡಿಗೆಗೆ ತರುವುದು ಲೇಸು.

ಹಂತ 7: ತೂಕ, ಮಳೆ, ಫಿಲ್ಟರ್

ತಡಿಯಂಡಮೋಳ್ 1,748 ಮೀಟರ್. ಕೊಡಗಿನಲ್ಲೇ ಎತ್ತರದ ಬೆಟ್ಟ. ಕೊನೆಯ ಏರಿನಲ್ಲಿ ಕುತ್ತಿಗೆಗೆ ನೇತುಹಾಕಿದ ಒಂದೊಂದು ನೂರು ಗ್ರಾಂ ಕೂಡ ಗೊತ್ತಾಗುತ್ತದೆ. ಕ್ಯಾಮೆರಾ, ಲೆನ್ಸ್ ಸೇರಿ ಒಂದೂಕಾಲು ಕಿಲೋ ದಾಟದಿರಲಿ. ಭಾರ ಆದರೆ ಅದು ಬ್ಯಾಗಿನೊಳಗೆ ಸೇರುತ್ತದೆ, ಆಮೇಲೆ ಫೋನೇ ಗತಿ.

ವೆದರ್ ಸೀಲಿಂಗ್ (ತೇವ, ಧೂಳು ಒಳಗೆ ಹೋಗದಂತೆ ತಡೆ) ಇರುವ ಲೆನ್ಸ್ ಇದ್ದರೆ ಒಳ್ಳೆಯದು. ಲೆನ್ಸ್ ಕ್ಯಾಮೆರಾಗೆ ಕೂರುವ ಮೌಂಟ್ ಹತ್ತಿರ ತೆಳುವಾದ ರಬ್ಬರ್ ಉಂಗುರ ಕಾಣುತ್ತದಾ ನೋಡಿ. ಹಾಗಂತ ಅದನ್ನು ನಂಬಿ ಜುಲೈನ ಭಾಗಮಂಡಲದ ಮಳೆಗೆ ಒಡ್ಡಬೇಡಿ. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಅದರ ಜೊತೆ ತೇವವೂ ಹೋಗುತ್ತದೆ. ಮಳೆಯಲ್ಲಿ ಝೂಮ್ ಮಾಡಿದ ಕೊಳವೆಯನ್ನು ಬಟ್ಟೆಯಿಂದ ಒರೆಸಿಯೇ ಒಳಗೆ ತಳ್ಳಿ. ಹುಡ್ ಯಾವಾಗಲೂ ಇರಲಿ. ಅರ್ಧ ಹನಿಗಳನ್ನು ಅದೇ ತಡೆಯುತ್ತದೆ.

ಫಿಲ್ಟರ್‌ಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಸರ್ಕ್ಯುಲರ್ ಪೋಲರೈಸರ್ ಕೊಳ್ಳಿ. ಕಾಫಿ ಎಲೆ ಎಣ್ಣೆ ಸವರಿದಷ್ಟು ಹೊಳೆಯುತ್ತದೆ. ಮಳೆ ಬಿದ್ದ ಮೇಲಂತೂ ಎಲೆ ಎಲೆಯಲ್ಲೂ ಬಿಳಿ ಆಕಾಶ ಕಾಣುತ್ತದೆ, ಹಸಿರು ಕಾಣುವುದೇ ಇಲ್ಲ. ಪೋಲರೈಸರ್ ತಿರುಗಿಸಿದರೆ ಆ ಬಿಳುಪು ಹೋಗಿ ಹಸಿರು ಎದ್ದು ಬರುತ್ತದೆ. ಜಲಪಾತದ ಪಕ್ಕದ ಒದ್ದೆ ಬಂಡೆಗೂ ಅಷ್ಟೇ. ಬೆಳಕನ್ನು ಒಂದೂವರೆ, ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ತಿನ್ನುವುದರಿಂದ ನೆರಳಿನಲ್ಲಿ ಬೇಡದಿದ್ದಾಗ ತೆಗೆದಿಡಿ. ಲೆನ್ಸ್‌ನ ಫಿಲ್ಟರ್ ಅಳತೆ 67 ಎಂಎಂ ಆದರೆ ಇದು ಕಡಿಮೆ ಬೆಲೆಗೆ ಸಿಗುತ್ತದೆ, 77 ಆದರೆ ಜಾಸ್ತಿ. ಇದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಹಂತ 8: ನಿಮ್ಮ ಕ್ಯಾಮೆರಾಗೆ ಯಾವುದು

ನಿಕಾನ್ ಝಡ್ ಫುಲ್ ಫ್ರೇಮ್ ಇದ್ದವರಿಗೆ ನನ್ನ ಮೊದಲ ಮಾತು 24-120 ಎಫ್ 4. ತೂಕ 630 ಗ್ರಾಂ. ಮೇಲೆ ಹೇಳಿದ ಅಗಲ, ಬೆಳಕು, ಹತ್ತಿರದ ಫೋಕಸ್ ಎಲ್ಲದರಲ್ಲೂ ಪಾಸಾಗುವ ಲೆನ್ಸ್ ಅದು. 24-200 ಇನ್ನೂ ಹಗುರ, 570 ಗ್ರಾಂ. ಆದರೆ ಎಫ್ 4-6.3. ಬಿಸಿಲಿನ ದಿನಗಳಲ್ಲಿ ಬೆಟ್ಟ ಸುತ್ತುವವರಿಗೆ ಚೆಂದ, ತೋಟ ಮತ್ತು ಮನೆಯೊಳಗೆ ಕಷ್ಟ.

ಸೋನಿಯಲ್ಲಿ 24-105 ಎಫ್ 4 ಇದೆ, 663 ಗ್ರಾಂ. 20-70 ಎಫ್ 4 ಕೂಡ ಇದೆ, 488 ಗ್ರಾಂ. ಮನೆ, ದೇವಸ್ಥಾನ, ಬೀದಿ ಜಾಸ್ತಿ ತೆಗೆಯುವವರಿಗೆ 20ರ ಅಗಲ ದೊಡ್ಡ ಸುಖ. ಬೆಟ್ಟದ ಸಾಲಿಗೆ ಕತ್ತರಿಸಿಕೊಳ್ಳಬೇಕು. ಟ್ಯಾಮ್ರಾನ್ 28-200 ಎಫ್ 2.8-5.6 ತನ್ನ ಬಗೆಯ ಲೆನ್ಸ್‌ಗಳಲ್ಲಿ ಬೆಳಕಿಗೆ ಹೆಸರಾದದ್ದು, 575 ಗ್ರಾಂ. ಫುಲ್ ಫ್ರೇಮ್ ಲೆನ್ಸ್‌ಗಳಲ್ಲಿ 28ರಿಂದ ಶುರುವಾದರೂ ಕೊಳ್ಳಬಹುದು ಅಂತ ನಾನು ಹೇಳುವ ಲೆನ್ಸ್ ಅದೊಂದೇ. ಅದರಲ್ಲಿ ಸ್ಟೆಬಿಲೈಸೇಷನ್ ಇಲ್ಲ, ಬಾಡಿಯಲ್ಲಿ ಇರಬೇಕು.

ಕ್ಯಾನನ್ ಆರ್‌ಎಫ್‌ನಲ್ಲಿ 24-105 ಎಫ್ 4 ಎಲ್ 700 ಗ್ರಾಂ. ಅದೇ ಅಳತೆಯ ಎಫ್ 4-7.1 ಎಸ್‌ಟಿಎಂ 395 ಗ್ರಾಂ ಮಾತ್ರ. ಹಗುರ ನಿಜ, ಆದರೆ ಎಫ್ 7.1 ಅಂದರೆ ನೆರಳಿಗೆ ಹೋದಾಗ ಐಎಸ್ಒ ಏರುತ್ತಲೇ ಇರುತ್ತದೆ.

ಎಪಿಎಸ್-ಸಿಯಲ್ಲಿ ಸೋನಿ ಮತ್ತು ಫ್ಯೂಜಿಫಿಲ್ಮ್ ಇಟ್ಟುಕೊಂಡವರು ಟ್ಯಾಮ್ರಾನ್ 17-70 ಎಫ್ 2.8 ನೋಡಿ. ಸುಮಾರು 525 ಗ್ರಾಂ, ಒಳಗೆ ಸ್ಟೆಬಿಲೈಸೇಷನ್ ಇದೆ, ಫುಲ್ ಫ್ರೇಮ್ ಲೆಕ್ಕದಲ್ಲಿ 25ರಿಂದ 105ರವರೆಗೆ. ಹಬ್ಬಕ್ಕೂ ತೋಟಕ್ಕೂ ಒದಗುತ್ತದೆ. ಫ್ಯೂಜಿಯ 16-80 ಎಫ್ 4 ಸೀಲಿಂಗ್ ಇರುವ ಲೆನ್ಸ್, 440 ಗ್ರಾಂ. ಸಿಗ್ಮಾ 18-50 ಎಫ್ 2.8 ಬರೀ 290 ಗ್ರಾಂ ಆಸುಪಾಸು, ಅಂಗೈಯಲ್ಲಿ ಕೂರುತ್ತದೆ. ಆದರೆ ಉದ್ದ ಕಡಿಮೆ, ಸ್ಟೆಬಿಲೈಸೇಷನ್ ಇಲ್ಲ. ನಿಕಾನ್ ಝಡ್‌ನ ಎಪಿಎಸ್-ಸಿಯಾದ ಡಿಎಕ್ಸ್‌ಗೆ 18-140, 315 ಗ್ರಾಂ.

ಹಳೇ ಡಿಎಸ್‌ಎಲ್‌ಆರ್ ಇದ್ದರೆ ಹೊಸ ಕ್ಯಾಮೆರಾಗೆ ಓಡಬೇಕಿಲ್ಲ. ನಿಕಾನ್ 18-140, ಕ್ಯಾನನ್ 18-135 ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಮೈಕ್ರೋ ಫೋರ್ ಥರ್ಡ್ಸ್ ಇದ್ದವರಿಗೆ ಒಲಿಂಪಸ್ 12-100 ಎಫ್ 4. ಅದು 24ರಿಂದ 200ರವರೆಗೆ, 561 ಗ್ರಾಂ, ಪೂರ್ತಿ ಸೀಲಿಂಗ್. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ.

ಹಂತ 9: ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ

ಸಾಧ್ಯವಾದರೆ ಒಂದು ವಾರಾಂತ್ಯಕ್ಕೆ ಬಾಡಿಗೆ ಪಡೆದು ಬಳಸಿ ನೋಡಿ. ಆಗದಿದ್ದರೆ ನಿಮ್ಮ ಕ್ಯಾಮೆರಾ, ಮೆಮೊರಿ ಕಾರ್ಡ್ ಎರಡನ್ನೂ ಅಂಗಡಿಗೆ ಒಯ್ಯಿರಿ.

ಇಟ್ಟಿಗೆ ಗೋಡೆ ಅಥವಾ ಟೈಲ್ಸ್ ಗೋಡೆಗೆ ಕ್ಯಾಮೆರಾವನ್ನು ನೇರವಾಗಿ ಹಿಡಿದು ಅಗಲ, ನಡು, ಉದ್ದ ಮೂರರಲ್ಲೂ ಅಪರ್ಚರ್ ಪೂರ್ತಿ ತೆರೆದು (ಎಫ್ ಸಂಖ್ಯೆಯನ್ನು ಅತಿ ಚಿಕ್ಕದಕ್ಕೆ ಇಟ್ಟು) ಫೋಟೋ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ನಾಲ್ಕು ಮೂಲೆ ಹೋಲಿಸಿ. ನಾಲ್ಕೂ ಒಂದೇ ತರ ಸ್ವಲ್ಪ ಮೆತ್ತಗಿದ್ದರೆ ಅದು ಆ ಲೆನ್ಸ್‌ನ ಗುಣ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಸರಿಯಾಗಿ ಕೂತಿಲ್ಲ, ಬೇರೆ ಪೀಸ್ ಕೇಳಿ. ಲೆನ್ಸ್ ಕೆಳಮುಖ ಮಾಡಿ ನಾಲ್ಕು ಹೆಜ್ಜೆ ನಡೆಯಿರಿ. ಕೊಳವೆ ತಾನಾಗಿ ಜಾರಿದರೆ ಬೆಟ್ಟ ಹತ್ತುವಾಗ ಕಿರಿಕಿರಿ. ಲಾಕ್ ಬಟನ್ ಇದ್ದರೆ ಪರವಾಗಿಲ್ಲ. ಹೊಸದಾದರೆ ಬಿಲ್ಲಿನ ಜೊತೆ ಭಾರತದ ವಾರಂಟಿ ಕಾರ್ಡ್ ಇದೆಯಾ ಅಂತ ಕೇಳಿ ಪಡೆಯಿರಿ, ಅದರಲ್ಲಿ ಸೀರಿಯಲ್ ನಂಬರ್ ತಾಳೆ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಬೇಕೇ ಬೇಕು. ಎರಡೂ ಮುಚ್ಚಳ ತೆಗೆದು, ಹಿಂಭಾಗದಿಂದ ಟಾರ್ಚನ್ನು ಓರೆಯಾಗಿ ಹಿಡಿದು, ಮುಂದಿನಿಂದ ಬೇರೆ ಬೇರೆ ಕೋನದಲ್ಲಿ ನೋಡಿ. ಒಂದೆರಡು ಧೂಳಿನ ಕಣ ಇದ್ದೇ ಇರುತ್ತವೆ, ಫೋಟೋದಲ್ಲಿ ಕಾಣುವುದಿಲ್ಲ. ಬೇರಿನ ಹಾಗೆ ಕವಲೊಡೆದ ಸಣ್ಣ ಎಳೆಗಳು, ಅಂಚಿನಲ್ಲಿ ಮಬ್ಬು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಚೀಲದೊಳಗೇ ವರ್ಷಗಟ್ಟಲೆ ಇದ್ದ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಮೌಂಟ್‌ನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಯಾಕೆ ಬಿಚ್ಚಿದರು ಅಂತ ಕೇಳಿ.

ಹಂತ 10: ಕೊಂಡ ಮೇಲೆ

ಏಸಿ ಕಾರಿನಿಂದ ಇಳಿದು ತೇವದ ಗಾಳಿಗೆ ಲೆನ್ಸ್ ತೆಗೆದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಚಳಿಯ ಬೆಳಗ್ಗೆ ಬೆಟ್ಟ ಸುತ್ತಿ ಬಂದು ಒಲೆ ಉರಿಯುವ ಬೆಚ್ಚನೆ ಅಡುಗೆಮನೆಗೆ ಹೊಕ್ಕರೂ ಹಾಗೇ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಆಮೇಲೆ ತೆರೆಯಿರಿ. ಹನಿ ಕಟ್ಟಿದಾಗ ಲೆನ್ಸ್ ಬಿಚ್ಚಬೇಡಿ, ಸುಮ್ನೆ ಕಾಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಕ್ಯಾಮೆರಾ ಚೀಲದಲ್ಲಿ ಇಡಲೇಬೇಡಿ. ಬಟ್ಟೆ, ಸ್ಪಂಜು ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ವಿದ್ಯುತ್ ಡ್ರೈ ಕ್ಯಾಬಿನೆಟ್ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋಗುವ ಊರುಗಳಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ನಂಬಿಕಸ್ತ. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೆ ಒಂದು ಪುಟ್ಟ ಹೈಗ್ರೋಮೀಟರ್. ತೇವಾಂಶ 40ರಿಂದ 50 ಶೇಕಡಾ ಇರಲಿ. 60 ದಾಟಿತು ಅಂದರೆ ಜೆಲ್ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಮೊದಲಿನ ಬಣ್ಣ ಬರುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಹದಿನೈದು ದಿನಕ್ಕೊಮ್ಮೆ ಲೆನ್ಸ್ ಹೊರತೆಗೆದು ಬಿಸಿಲು ಬಿದ್ದ ದಿನ ಒಂದಿಷ್ಟು ಫೋಟೋ ತೆಗೆಯಿರಿ. ಸೆಪ್ಟೆಂಬರ್ ಕೊನೆಗೆ ಅದೇ ಟಾರ್ಚ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಎಳೆ ಕಾಣಿಸಿದರೆ ತಡ ಮಾಡದೆ ಸರ್ವಿಸ್ ಸೆಂಟರಿಗೆ ಕೊಡಿ. ಶುರುವಿನಲ್ಲೇ ಸ್ವಚ್ಛ ಮಾಡಿಸಿದರೆ ಹೆಚ್ಚಿನ ಸಲ ಗಾಜಿನ ಕೋಟಿಂಗ್ ಉಳಿಯುತ್ತದೆ.